ಮದುವೆಗೆ ಒಂಬತ್ತು ದಿನ, ಮುಖವೆಲ್ಲ ಕೆಂಪು, ಆದರೂ ಬ್ಲೀಚ್ ಬೇಕಂತೆ

ಓದುಗರ ಪ್ರಶ್ನೆ:

“ನಮಸ್ತೆ ಮೇಡಂ. ಅರಸೀಕೆರೆ ಹತ್ತಿರ ನನ್ನದೊಂದು ಸಣ್ಣ ಪಾರ್ಲರ್ ಇದೆ. ಆರು ವರ್ಷ ಆಯ್ತು. ಎರಡು ಕುರ್ಚಿ, ಒಂದು ಫೇಶಿಯಲ್ ಬೆಡ್, ಸಹಾಯಕ್ಕೆ ಒಬ್ಬಳು ಹುಡುಗಿ. ಹೋದ ತಿಂಗಳು ನನ್ನ ಹಳೇ ಕಸ್ಟಮರ್ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಮದುವೆಗೆ ಇನ್ನು ಒಂಬತ್ತೇ ದಿನ. ಫುಲ್ ಫೇಸ್ ವ್ಯಾಕ್ಸ್, ಬ್ಲೀಚ್, ಗೋಲ್ಡ್ ಫೇಶಿಯಲ್ ಮೂರೂ ಬೇಕು ಅಂದರು. ಹುಡುಗಿ ಕೆನ್ನೆ ನೋಡಿದರೆ ಕೆಂಪಗೆ, ಸಣ್ಣ ಸಣ್ಣ ಗುಳ್ಳೆ, ಕಿವಿ ಪಕ್ಕದಿಂದ ಗಲ್ಲದವರೆಗೆ ಕೂದಲು ಬೇರೆ. ಏನು ಹಚ್ತೀಯಮ್ಮ ಅಂತ ಕೇಳಿದೆ. ಮೆಡಿಕಲ್‌ನಲ್ಲಿ ಕೊಡೋ ಕ್ರೀಮು, ಎರಡು ವರ್ಷದಿಂದ ಹಚ್ತಿದೀನಿ ಅಂದಳು. ನಾನು ಬೇಡ ಅಂದೆ. ಅವರ ಅಮ್ಮ ‘ದುಡ್ಡು ಕೊಡ್ತೀವಲ್ವಾ, ಆದದ್ದಾಗಲಿ, ಬೇಕಾದರೆ ಬರೆದುಕೊಡ್ತೀವಿ’ ಅಂತ ಹಟ ಹಿಡಿದರು. ಕೊನೆಗೆ ವ್ಯಾಕ್ಸ್ ಬಿಟ್ಟು ಬ್ಲೀಚ್ ಮಾತ್ರ ಮಾಡಿದೆ. ನಾಲ್ಕು ನಿಮಿಷಕ್ಕೆ ಉರಿ ಅಂತ ಕೂಗಿದಳು, ತೆಗೆದುಬಿಟ್ಟೆ. ಆದರೂ ಎರಡು ದಿನ ಮುಖ ಊದಿತ್ತು. ಮದುವೆಯೇನೋ ಆಯ್ತು. ಮೇಕಪ್ ಆರ್ಡರ್ ಮಾತ್ರ ಬೇರೆಯವರಿಗೆ ಹೋಯ್ತು, ಊರಲ್ಲಿ ಮಾತೂ ಬಂತು. ತಪ್ಪು ನನ್ನದಾ? ಬರೆಸಿಕೊಂಡಿದ್ದರೆ ಬಚಾವ್ ಆಗ್ತಿದ್ದೆನಾ? ಬೇಡ ಅಂದರೆ ಪಕ್ಕದ ಪಾರ್ಲರ್‌ಗೆ ಹೋಗ್ತಾರೆ. ಇಂಥವರ ಹತ್ತಿರ ಹೇಗೆ ಮಾತಾಡಬೇಕು?”

ಉತ್ತರ:

ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿ ಹೇಳ್ತೀನಿ. ತಪ್ಪಿನಲ್ಲಿ ನಿಮ್ಮದೂ ಪಾಲಿದೆ. ಬೇಡ ಅಂದದ್ದು ಸರಿಯಾಗಿತ್ತು. ಆಮೇಲೆ “ಇದಾದರೂ ಮಾಡೋಣ” ಅಂತ ಅರ್ಧಕ್ಕೆ ಒಪ್ಪಿಕೊಂಡದ್ದು ಸರಿಯಲ್ಲ. ವ್ಯಾಕ್ಸ್‌ಗೆ ತಡೆಯದ ಚರ್ಮ ಬ್ಲೀಚ್‌ಗೂ ತಡೆಯಲ್ಲ. ನಿಮಗೆ ಅದು ಒಳಗೊಳಗೇ ಗೊತ್ತಿತ್ತು, ಗೊತ್ತಿದ್ದಕ್ಕೇ ಬೇಡ ಅಂದಿರಿ.

ಇದನ್ನು ಕಟಕಟೆಯಲ್ಲಿ ನಿಲ್ಲಿಸಿ ಹೇಳ್ತಿಲ್ಲ. ನಾನೂ ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಹನ್ನೊಂದು ವರ್ಷದಿಂದ ಹುಡುಗಿಯರಿಗೆ ಟ್ರೈನಿಂಗೂ ಕೊಡ್ತಿದ್ದೀನಿ. ಶುರುವಿನ ದಿನಗಳಲ್ಲಿ ನಾನೂ ಒಬ್ಬಳ ಅಪ್ಪರ್ ಲಿಪ್ ಚರ್ಮ ಕಿತ್ತಿದ್ದೀನಿ. ಇಂಜಿನಿಯರಿಂಗ್ ಓದೋ ಹುಡುಗಿ, ಮೊಡವೆಗೆ ಅಡಾಪಲೀನ್ ಜೆಲ್ ಹಚ್ತಿದ್ದಳು, ಅದು ಹಚ್ಚಿದ ಚರ್ಮ ವ್ಯಾಕ್ಸ್‌ಗೆ ಸುಲಭವಾಗಿ ಕಿತ್ತು ಬರುತ್ತೆ. ಅವಳೇ ಹೇಳಿದ್ದಳು ಕೂಡ. ಅವತ್ತು ಸಂಜೆ ಅಕ್ಕನ ರಿಸೆಪ್ಷನ್. “ಏನೂ ಆಗಲ್ಲ ಅಕ್ಕ, ಬೇಗ ಮಾಡಿ” ಅಂದಳು, ಮಾಡಿದೆ. ಸ್ಟ್ರಿಪ್ ಎಳೆದು ತಿರುಗಿಸಿ ನೋಡಿದರೆ ಕೂದಲಿನ ಜೊತೆ ಈರುಳ್ಳಿ ಒಳಪೊರೆ ಥರ ತೆಳ್ಳಗಿನದೊಂದು ಅಂಟಿಕೊಂಡಿತ್ತು. ಅವಳ ತುಟಿ ಮೇಲೆ ಹುಣಸೆ ಬೀಜದಷ್ಟು ಜಾಗ ಒದ್ದೆ ಒದ್ದೆಯಾಗಿ ಹೊಳೀತಿತ್ತು. ಅದರ ಮೇಲೆ ಫೌಂಡೇಶನ್ ನಿಲ್ಲಲಿಲ್ಲ. ಕಪ್ಪು ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕಾಯ್ತು. ಅವಳು ಬೈಯಲೂ ಇಲ್ಲ. “ನಾನೇ ಹೇಳಿದ್ದಲ್ವಾ ಅಕ್ಕ” ಅಂದಳು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತ್ತು ನನಗೆ.

ಈಗ ನಿಮ್ಮ ಮದುಮಗಳ ಮುಖಕ್ಕೆ ಬರೋಣ. ಏನಾಗಿದೆ ಅಂತ ನಮಗೇ ಅರ್ಥವಾಗದೆ ಅವರ ಅಮ್ಮನಿಗೆ ಹೇಗೆ ಅರ್ಥ ಮಾಡಿಸೋದು?

ಕೆಂಪು ಕೆನ್ನೆ, ಸಣ್ಣ ಗುಳ್ಳೆ, ಹೊಸದಾಗಿ ಬಂದ ಕೂದಲು, ಎರಡು ವರ್ಷದಿಂದ “ಮೆಡಿಕಲ್ ಕ್ರೀಮು”. ಈ ನಾಲ್ಕೂ ಒಟ್ಟಿಗೆ ಕಂಡರೆ ನನಗೆ ಮೊದಲು ಅನುಮಾನ ಬರೋದು ಸ್ಟಿರಾಯ್ಡ್ ಕ್ರೀಮಿನ ಮೇಲೆ. ನಾನು ಡಾಕ್ಟರ್ ಅಲ್ಲ, ಖಚಿತವಾಗಿ ಹೇಳಬೇಕಾದವರು ಚರ್ಮದ ಡಾಕ್ಟರೇ. ಆದರೆ ಪಾರ್ಲರ್ ಬೆಡ್ ಮೇಲೆ ಲೈಟ್ ಹಾಕಿಕೊಂಡು ಅರ್ಧ ಗಂಟೆ ಒಂದೇ ಮುಖ ನೋಡೋದು ನಾವೇ ಅಲ್ವಾ? ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳೋದೂ ನಮಗೇ. ಮೂಗಿನ ಪಕ್ಕ, ಕೆನ್ನೆ ಮೇಲೆ ಕೆಂಪು ನೂಲಿನಂಥ ರಕ್ತನಾಳಗಳು ಕಾಣ್ತವೆ. ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ನಿಂತರೂ ಉರಿ. ಬೆರಳಿಂದ ಮೆಲ್ಲಗೆ ಸರಿಸಿದರೆ ಸಿಗರೇಟ್ ಪೇಪರ್ ಥರ ಸಣ್ಣ ಸುಕ್ಕು.

ಆ ಟ್ಯೂಬಿನ ಫೋಟೋ ತರಿಸಿಕೊಂಡು ನೋಡಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅನ್ನೋ ಹೆಸರು ಇದ್ದರೆ ಅದು ಸ್ಟಿರಾಯ್ಡ್. ಎಷ್ಟೋ ಟ್ಯೂಬುಗಳಲ್ಲಿ ಮೂರು ಔಷಧಿ ಸೇರಿರುತ್ತೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಬಂಗು ಇರುವವರಿಗೆ ಡಾಕ್ಟರು ಕೆಲವೇ ವಾರ ಬರೆದುಕೊಡೋ ಔಷಧಿ ಅದು. ನಮ್ಮ ಜನ ಅದನ್ನು ಸ್ನೋ ಪೌಡರ್ ಥರ ವರ್ಷಗಟ್ಟಲೆ ಹಚ್ತಾರೆ. ಹಚ್ಚಿದ ಮೊದಲ ತಿಂಗಳು ಮುಖ ನಿಜವಾಗಲೂ ಬೆಳ್ಳಗೆ, ನುಣ್ಣಗೆ ಕಾಣುತ್ತೆ, ಎಲ್ಲರೂ ಸಿಕ್ಕಿಬೀಳೋದು ಅಲ್ಲೇ. ಸರ್ಕಾರ 2018ರಲ್ಲಿ ಹಚ್ಚೋ ಸ್ಟಿರಾಯ್ಡ್‌ಗಳಲ್ಲಿ 14 ಔಷಧಿಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಚರ್ಮದ ಡಾಕ್ಟರುಗಳ ಸಂಘವೂ ಇದರ ವಿರುದ್ಧ ವರ್ಷಗಳಿಂದ ಕೂಗ್ತಾನೇ ಇದೆ. ಅಂಗಡಿಯಲ್ಲಿ ಮಾತ್ರ “ಆ ಬಿಳಿ ಟ್ಯೂಬ್ ಕೊಡಿ” ಅಂದರೆ ಇವತ್ತಿಗೂ ಸಿಗುತ್ತೆ.

ಒಂದು ವಿಷಯ ಆ ತಾಯಿಗೆ ಗೊತ್ತಿರಲಿಲ್ಲ, ಬಹುಶಃ ನಿಮಗೂ ಹೊಳೆದಿರಲಿಲ್ಲ. ಮುಖಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ಹಚ್ಚಿದರೆ ಅಲ್ಲಿ ಕೂದಲೂ ಬರುತ್ತೆ. ಅಂದರೆ ಕ್ರೀಮಿನಿಂದ ಕೂದಲು ಬಂತು, ಕೂದಲು ಬಂತು ಅಂತ ವ್ಯಾಕ್ಸ್ ಕೇಳಿಕೊಂಡು ನಿಮ್ಮ ಹತ್ತಿರ ಬಂದರು, ಅದೇ ಕ್ರೀಮಿನಿಂದ ಚರ್ಮವೂ ತೆಳುವಾಗಿರೋದರಿಂದ ವ್ಯಾಕ್ಸ್ ಮಾಡೋ ಹಾಗಿಲ್ಲ. ಬ್ಲೀಚ್ ಕಥೆಯೂ ಇದೇ. ಕ್ರೀಮಿಂದ ಮುಖ ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು ಆಗುತ್ತೆ, ಅದು ಮುಚ್ಚಲಿ ಅಂತ ಬ್ಲೀಚ್ ಕೇಳ್ತಾರೆ. ಇದನ್ನು ಹೀಗೇ ಬಿಡಿಸಿ ಹೇಳಿದಾಗ ಹಟ ಹಿಡಿದು ಕೂತವರೂ ಒಂದು ಕ್ಷಣ ಸುಮ್ಮನಾಗಿದ್ದನ್ನು ನಾನು ನೋಡಿದ್ದೀನಿ. “ಸ್ಕಿನ್ ಸೆನ್ಸಿಟಿವ್ ಇದೆ” ಅಂದರೆ ಯಾರೂ ಕೇಳಲ್ಲ, ಆ ಮಾತು ಎಲ್ಲ ಪಾರ್ಲರಲ್ಲೂ ಕೇಳಿ ಕೇಳಿ ಸವೆದುಹೋಗಿದೆ. “ಈ ಕೂದಲು ಬರ್ತಿರೋದೇ ಆ ಟ್ಯೂಬಿಂದ ಇರಬಹುದು” ಅನ್ನಿ, ತಲೆ ಎತ್ತಿ ನೋಡ್ತಾರೆ. (ಗಲ್ಲದಲ್ಲಿ ಮಾತ್ರ ದಪ್ಪ ಕೂದಲು, ಜೊತೆಗೆ ಮುಟ್ಟೂ ಏರುಪೇರು ಅಂದರೆ ಅದು ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರು ಇರಬಹುದು, ಕ್ರೀಮಿನ ಮೇಲೇ ಹಾಕಬೇಡಿ. ಅದಕ್ಕೂ ಡಾಕ್ಟರೇ ಬೇಕು.)

ಇನ್ನೊಂದು ಎಚ್ಚರಿಕೆ. ಇಂಥವರಿಗೆ ನಮ್ಮ ಬಾಯಲ್ಲಿ ತಟಕ್ಕನೆ ಬರೋ ಮಾತು “ಇವತ್ತೇ ಆ ಕ್ರೀಮು ನಿಲ್ಲಿಸಿಬಿಡಿ”. ಹಾಗೆ ಹೇಳಬೇಡಿ. ವರ್ಷಗಟ್ಟಲೆ ಹಚ್ಚಿದ ಸ್ಟಿರಾಯ್ಡ್ ದಿಢೀರನೆ ನಿಲ್ಲಿಸಿದರೆ ಕೆಲವು ದಿನದಲ್ಲೇ ಮುಖ ಮೊದಲಿಗಿಂತ ಜಾಸ್ತಿ ಕೆರಳುತ್ತೆ. ಕೆಂಪಾಗುತ್ತೆ, ಉರಿಯುತ್ತೆ, ಗುಳ್ಳೆ ಏಳುತ್ತೆ. ಮದುವೆಗೆ ಒಂಬತ್ತು ದಿನ ಇದ್ದಾಗ ಹೀಗಾದರೆ? ಮತ್ತೆ ಓಡಿಹೋಗಿ ಅದೇ ಟ್ಯೂಬ್ ತರ್ತಾರೆ, ಇಲ್ಲ ನಿಮ್ಮನ್ನು ಬೈತಾರೆ. ಹೇಗೆ ಇಳಿಸಬೇಕು, ಬದಲಿಗೆ ಏನು ಹಚ್ಚಬೇಕು ಅನ್ನೋದು ಡಾಕ್ಟರ ಲೆಕ್ಕ. ನೀವು ಹೇಳಬೇಕಾದದ್ದು ಇಷ್ಟೇ: “ನಾಳೆಯೇ ಸ್ಕಿನ್ ಡಾಕ್ಟರಿಗೆ ತೋರಿಸಿ, ಟ್ಯೂಬನ್ನೂ ತಗೊಂಡು ಹೋಗಿ.” ನಿಮ್ಮ ಕಡೆಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಚರ್ಮದ ವಿಭಾಗ ಇದೆ.

ಕಸ್ಟಮರ್ ಬಾಯಲ್ಲಿ, ಎಷ್ಟೋ ಸಲ ನಮ್ಮ ಬಾಯಲ್ಲೂ ಓಡಾಡೋ ಕೆಲವು ಮಾತುಗಳಿವೆ. “ಉರಿದರೆ ಕೆಲಸ ಮಾಡ್ತಿದೆ ಅಂತ ಅರ್ಥ” ಅನ್ನೋದು ಅದರಲ್ಲೊಂದು. ಬ್ಲೀಚ್ ಹಾಕಿದಾಗ ಲೇಸಾಗಿ ಚುರುಚುರು ಅನ್ನಬಹುದು, ಉರಿ ಅಂದರೆ ಚರ್ಮ ಬೇಡ ಅಂತಿದೆ ಅಂತಲೇ. ನೀವು ನಾಲ್ಕು ನಿಮಿಷಕ್ಕೆ ತೆಗೆದದ್ದು ಒಳ್ಳೇದೇ ಆಯ್ತು, ಹತ್ತು ನಿಮಿಷ ಬಿಟ್ಟಿದ್ದರೆ ಊತದ ಬದಲು ಸುಟ್ಟ ಕಲೆ ಇರ್ತಿತ್ತೇನೋ. ಇನ್ನೊಂದು ಮಾತು “ಹರ್ಬಲ್ ಬ್ಲೀಚ್ ಹಾಕಿ, ಗೋಲ್ಡ್ ಹಾಕಿ, ಅದು ಮೈಲ್ಡು”. ಡಬ್ಬದ ಮೇಲೆ ಚಿನ್ನ ಇರಲಿ, ವಜ್ರ ಇರಲಿ, ಕೇಸರಿ ಇರಲಿ, ಹಿಂದೆ ತಿರುಗಿಸಿ ಓದಿದರೆ ಸಾಮಾನ್ಯವಾಗಿ ಒಳಗಿರೋದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ. ಕೂದಲಿನ ಬಣ್ಣ ತೆಗೆಯೋದು ಅದೇ. ಬ್ಲೀಚ್ ಮಾಡಿದ ಮೇಲೆ ಮುಖ ಬೆಳ್ಳಗೆ ಕಾಣೋದೂ ಬಹುಪಾಲು ಸಣ್ಣ ಕೂದಲು ಚಿನ್ನದ ಬಣ್ಣಕ್ಕೆ ತಿರುಗಿರುತ್ತಲ್ಲ, ಅದರಿಂದಲೇ.

“ಇಷ್ಟು ವರ್ಷ ಮಾಡಿಸಿದೀನಿ, ಏನೂ ಆಗಿಲ್ಲ” ಅನ್ನೋದು ಮೂರನೇದು. ಇದಕ್ಕೆ ನಾವೂ ಮೋಸ ಹೋಗ್ತೀವಿ, ಹಳೇ ಕಸ್ಟಮರ್ ಅಂತ ಪ್ಯಾಚ್ ಟೆಸ್ಟ್ (ಮೊದಲೇ ಸ್ವಲ್ಪ ಜಾಗಕ್ಕೆ ಹಚ್ಚಿ ನೋಡೋದು) ಮಾಡೋದೇ ಇಲ್ಲ. ಹೋದ ವರ್ಷದ ಚರ್ಮ ಈ ವರ್ಷ ಇರಲ್ಲ. ನಡುವೆ ಒಂದು ಟ್ಯೂಬ್ ಬಂದಿರಬಹುದು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಶುರುವಾಗಿರಬಹುದು. ಆ ಮಾತ್ರೆ ತಗೊಳ್ಳೋವಾಗ ವ್ಯಾಕ್ಸ್ ಮುಟ್ಟಲೇಬಾರದು, ನಿಲ್ಲಿಸಿದ ಮೇಲೂ ಆರು ತಿಂಗಳು ಬೇಡ ಅಂತಾರೆ. ಆದ್ದರಿಂದ ಪ್ರತಿ ಸಲವೂ ಕೇಳಿ, ಅದೂ ಸರಿಯಾಗಿ ಕೇಳಿ. “ಏನಾದರೂ ಅಲರ್ಜಿ ಇದೆಯಾ?” ಅಂದರೆ “ಇಲ್ಲ” ಅಂತಾರೆ. “ರಾತ್ರಿ ಮಲಗೋ ಮುಂಚೆ ಮುಖಕ್ಕೆ ಏನು ಹಚ್ತೀರಿ? ಟ್ಯೂಬಾ, ಡಬ್ಬಿನಾ? ಯಾರು ಹೇಳಿದ್ದು?” ಅಂತ ಕೇಳಿದರೆ ನಿಜ ಹೊರಗೆ ಬರುತ್ತೆ. ಹೆಸರು ವಿಳಾಸ ಇಲ್ಲದ ಡಬ್ಬಿ ಕ್ರೀಮು ಅಂದರೆ ಇನ್ನೂ ಹುಷಾರು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಬಿಳಿ ಮಾಡೋ ಕ್ರೀಮುಗಳಲ್ಲಿದ್ದ ಪಾದರಸದಿಂದ ಕಿಡ್ನಿ ಕೆಟ್ಟವರನ್ನು ಅಲ್ಲಿನ ಡಾಕ್ಟರುಗಳು ಪತ್ತೆ ಮಾಡಿದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗುತ್ತಾ ಅಂತ ಕೇಳ್ತಾರೆ ಜನ. ಹೋಗುತ್ತೆ.

ಇನ್ನು ಬರೆಸಿಕೊಳ್ಳೋ ವಿಷಯ. ನಾನು ವಕೀಲಳಲ್ಲ, ಆದರೆ ಇಷ್ಟು ವರ್ಷದಲ್ಲಿ ತಿಳಿದದ್ದು ಹೇಳ್ತೀನಿ. ದುಡ್ಡು ತಗೊಂಡು ಮಾಡಿದ ಮೇಲೆ ಪಾರ್ಲರ್ ಕೆಲಸವೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಸೇವೆ’. ಕೆಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ದೆಹಲಿಯ ಹೋಟೆಲೊಂದರ ಸಲೂನ್‌ನಲ್ಲಿ ಮಾಡೆಲ್ ಒಬ್ಬರ ಕೂದಲು ಜಾಸ್ತಿ ಕತ್ತರಿಸಿದ್ದಕ್ಕೆ 2021ರಲ್ಲಿ ರಾಷ್ಟ್ರೀಯ ಆಯೋಗ 2 ಕೋಟಿ ರೂಪಾಯಿ ಕೊಡಿ ಅಂದಿತ್ತು, ನೆನಪಿದೆಯಾ? 2023ರಲ್ಲಿ ಸುಪ್ರೀಂ ಕೋರ್ಟ್ ಅಷ್ಟು ಮೊತ್ತಕ್ಕೆ ಆಧಾರ ಬೇಕು ಅಂತ ಆ ಆದೇಶ ತೆಗೆದುಹಾಕಿ ವಾಪಸ್ ಕಳಿಸಿತು. ಕೇಸು ಅಲ್ಲಿಗೂ ಮುಗಿಯಲಿಲ್ಲ. ನಮ್ಮ ನಿಮ್ಮಂಥವರಿಗೆ ಕೋಟಿ ಮಾತು ಬರಲ್ಲ ಬಿಡಿ. ಆದರೆ ಸಾವಿರಗಳಲ್ಲಿ ಬಂದರೂ ಒಂದು ತಿಂಗಳ ಬಾಡಿಗೆ ಹೋದ ಹಾಗೇ.

“ಆದದ್ದಾಗಲಿ ಅಂತ ಬರೆದುಕೊಡ್ತೀವಿ” ಅನ್ನೋ ಚೀಟಿಗೆ ಬೆಲೆ ಎಷ್ಟು? ನೀವು ಮೊದಲೇ ತಿಳಿಸಿದ್ದಿರಿ ಅನ್ನೋದಕ್ಕೆ ಸಾಕ್ಷಿ, ಅಷ್ಟೇ. ಬೇಡದ ಕೆಲಸವನ್ನು ಬೇಡ ಅಂತ ಗೊತ್ತಿದ್ದೂ ಮಾಡಿದ್ದನ್ನು ಅದು ಮುಚ್ಚಲ್ಲ. ಯೋಚನೆ ಮಾಡಿ ನೋಡಿ, ಎಷ್ಟೋ ಸಲ ಅದೇ ನಿಮಗೆ ತಿರುಗಿ ಬೀಳುತ್ತೆ: “ಅಪಾಯ ಇದೆ ಅಂತ ನಿಮ್ಮ ಕೈಯಲ್ಲೇ ಬರೆಸಿಕೊಂಡಿದೀರಲ್ಲ, ಮತ್ತೆ ಯಾಕೆ ಮಾಡಿದಿರಿ?” ಅಂತ ಕೇಳಿದರೆ ಏನು ಹೇಳ್ತೀರಿ? ಬರೆಯೋದು ಬೇಡ ಅಂತಲ್ಲ. ಒಂದು 200 ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಹೆಸರು, ಏನು ಹಚ್ತಾರೆ, ಯಾವ ಮಾತ್ರೆ, ಪ್ಯಾಚ್ ಟೆಸ್ಟ್ ಯಾವತ್ತು ಮಾಡಿದ್ದು, ಏನು ಕೇಳಿದರು, ನೀವು ಯಾವುದಕ್ಕೆ ಇಲ್ಲ ಅಂದಿರಿ. ಅವರ ಸಹಿ ಒಂದು. ಕೇಳಿಕೊಂಡು, ಶುರು ಮಾಡೋ ಮುಂಚೆ ಮುಖದ ಒಂದು ಫೋಟೋ. ಇದು ಮಾಡಬಹುದಾದ ಕೆಲಸಗಳಿಗೆ ನಿಮ್ಮನ್ನು ಕಾಯೋ ಪುಸ್ತಕ. ಮಾಡಬಾರದ ಕೆಲಸಕ್ಕೆ ಇದನ್ನೇ ಲೈಸೆನ್ಸ್ ಅಂದುಕೊಳ್ಳಬೇಡಿ.

ಹಾಗಾದರೆ ಯಾವುದು ಮಾಡಬಹುದು, ಯಾವುದು ಮಾಡಬಾರದು? ಎಲ್ಲದಕ್ಕೂ ಇಲ್ಲ ಅನ್ನೋರ ಮಾತಿಗೂ ಬೆಲೆ ಇರಲ್ಲ, ಇದನ್ನು ನಾನು ಟ್ರೈನಿಂಗ್‌ನಲ್ಲಿ ಪ್ರತಿ ಬ್ಯಾಚ್‌ಗೂ ಹೇಳ್ತೀನಿ. ಬರೀ ರುಚಿಯ ವಿಷಯಕ್ಕೆ ಜಗಳ ಬೇಡ. ಹುಬ್ಬು ತೀರಾ ಸಣ್ಣ ಬೇಕಂತೆ, ಮಾಡಿಕೊಡಿ, ಮತ್ತೆ ಬೆಳೆಯುತ್ತೆ. ಎರಡು ಶೇಡ್ ಬೆಳ್ಳಗಿನ ಬೇಸ್ ಬೇಕು ಅನ್ನೋ ಮದುಮಗಳಿಗೆ ನಾನು ಟ್ರಯಲ್ ದಿನ ಅರ್ಧ ಮುಖಕ್ಕೆ ಅವಳು ಹೇಳಿದ್ದು, ಅರ್ಧಕ್ಕೆ ನನ್ನದು ಹಚ್ಚಿ, ಕುತ್ತಿಗೆ ಸಮೇತ ಫ್ಲ್ಯಾಶ್ ಹಾಕಿ ಫೋಟೋ ತೆಗೆದು ತೋರಿಸ್ತೀನಿ. ಮಾತೇ ಆಡಬೇಕಿಲ್ಲ. ಅಷ್ಟಾದರೂ ಬೇಕು ಅಂದರೆ, ಅವಳ ಮದುವೆ, ಅವಳ ಆಲ್ಬಂ.

ಕೂದಲಿನ ಹಟ ಸ್ವಲ್ಪ ಬೇರೆ ಥರ. ವರ್ಷಗಟ್ಟಲೆ ಕಪ್ಪು ಮೆಹಂದಿ ಹಚ್ಚಿದ ತಲೆಗೆ ಸ್ಮೂತನಿಂಗ್ ಬೇಕು ಅಂತಾರೆ. ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಉಪ್ಪು ಇರುತ್ತೆ, ಅದರ ಮೇಲೆ ಸ್ಮೂತನಿಂಗ್‌ನಲ್ಲಿ ಬಳಸೋ ಪೆರಾಕ್ಸೈಡ್ ಬಿದ್ದರೆ ಬಿಸಿಯಾಗಿ ಕೂದಲು ತುಂಡಾಗಬಹುದು. ಕುತ್ತಿಗೆ ಹಿಂದಿಂದ ನಾಲ್ಕು ಎಳೆ ಕತ್ತರಿಸಿ ಅದಕ್ಕೇ ಮೊದಲು ಮಾಡಿ ತೋರಿಸಿ. ಒದ್ದೆ ಎಳೆಯನ್ನು ಎಳೆದರೆ ಚೂಯಿಂಗ್ ಗಮ್ ಥರ ಹಿಗ್ಗಿ ಹರಿಯಿತು ಅಂದರೆ ಅವರೇ “ಬೇಡ ಬಿಡಿ ಮೇಡಂ” ಅಂತಾರೆ.

ಇನ್ನು ಕೆಲವಕ್ಕೆ ನನ್ನ ಅಂಗಡಿಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಹೇರ್ ಡೈ ಹಚ್ಚಿ ಒಮ್ಮೆ ಮುಖ ಊದಿಕೊಂಡವರಿಗೆ ಮತ್ತೆ ಡೈ ಹಚ್ಚಲ್ಲ. ಕಪ್ಪು ಡೈಯಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕದ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನಕ್ಕೆ ಇರುತ್ತೆ. ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು, ಕಣ್ಣು ಮುಚ್ಚಿಹೋಗುತ್ತೆ, ಉಸಿರಿಗೂ ಬರಬಹುದು. “ಬುಡಕ್ಕೆ ತಾಗದ ಹಾಗೆ ಹಚ್ಚಿ” ಅಂದರೂ ಇಲ್ಲ, “ಕಪ್ಪು ಮೆಹಂದಿ ಹಚ್ಚಿ” ಅಂದರೂ ಇಲ್ಲ, ಅದರಲ್ಲೂ ಪಿಪಿಡಿ ಇರುತ್ತೆ. ಐಸೊಟ್ರೆಟಿನಾಯಿನ್ ತಗೊಳ್ಳೋರಿಗೆ ವ್ಯಾಕ್ಸ್ ಇಲ್ಲ. ಸ್ಟಿರಾಯ್ಡ್ ಮುಖಕ್ಕೆ ವ್ಯಾಕ್ಸ್, ಬ್ಲೀಚ್, ಸ್ಕ್ರಬ್, ಸ್ಟೀಮ್ ಯಾವುದೂ ಇಲ್ಲ. ಬೆಳ್ಳಗಾಗೋ ಇಂಜೆಕ್ಷನ್ ಅಂತೂ ನಮ್ಮ ಕೆಲಸವೇ ಅಲ್ಲ. ಸೂಜಿ ಹಿಡಿಯೋಕೆ ಡಾಕ್ಟರೇ ಬೇಕು, ಕರ್ನಾಟಕದಲ್ಲಿ ಆ ಜಾಗಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಬೇಕು. ಪಾರ್ಲರ್‌ಗೆ ಬಂದು ಹಾಕಿಹೋಗ್ತೀನಿ ಅಂತ ಯಾರಾದರೂ ಕಮಿಷನ್ ಮಾತಾಡಿದರೆ ಬಾಗಿಲಿಂದಲೇ ಕಳಿಸಿ.

ಸರಿ, ಈಗ ಹೇಗೆ ಮಾತಾಡೋದು ಅನ್ನೋದು. ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿ ಅಮ್ಮ ಮಾತಾಡಿದ್ದಾರೆ, ನೀವು ಮಾತಾಡಿದ್ದೀರಿ. ಆ ಹುಡುಗಿ ಒಂದೇ ವಾಕ್ಯ ಹೇಳಿದ್ದಾಳೆ, ಅದೂ ನೀವು ಕೇಳಿದ್ದಕ್ಕೆ. ಆಮೇಲೆ ಉರಿ ಅಂತ ಕೂಗಿದ್ದು. ಮುಖ ಅವಳದು ಅಲ್ವಾ? ನಾನಾಗಿದ್ದರೆ “ಬಾಮ್ಮ, ಮುಖ ತೊಳೆದು ನೋಡೋಣ” ಅಂತ ಅವಳೊಬ್ಬಳನ್ನೇ ಒಳಗೆ ವಾಶ್ ಬೇಸಿನ್ ಹತ್ತಿರ ಕರೆದುಕೊಂಡು ಹೋಗ್ತಿದ್ದೆ. ಕನ್ನಡಿ ಮುಂದೆ ನಿಲ್ಲಿಸಿ, ಉರಿಯುತ್ತಾ, ಯಾವಾಗಿಂದ, ನಿನಗೆ ನಿಜವಾಗಲೂ ಯಾವುದು ಬೇಜಾರು ಅಂತ ಕೇಳ್ತಿದ್ದೆ. ನೂರಕ್ಕೆ ನೂರು ಅವಳು ಬ್ಲೀಚ್ ಅನ್ನಲ್ಲ. “ಫೋಟೋದಲ್ಲಿ ಕೂದಲು ಕಾಣುತ್ತೆ” ಅಂತಾಳೆ, ಇಲ್ಲ “ಅತ್ತೆ ಮನೆಯವರು ಹುಡುಗಿ ಬಣ್ಣ ಕಮ್ಮಿ ಅಂದರಂತೆ” ಅಂತಾಳೆ. ಆ ಅಮ್ಮನ ಹಟದ ಹಿಂದೆಯೂ ಇದೇ ಇರುತ್ತೆ. ಅವರಿಗೆ ನಿಮ್ಮ ಮೇಲೆ ಕೋಪ ಇಲ್ಲ, ಛತ್ರದಲ್ಲಿ ಯಾರೋ ಏನೋ ಅಂದುಬಿಟ್ಟರೆ ಅನ್ನೋ ಹೆದರಿಕೆ. ಹೆದರಿದವರಿಗೆ ಬರೀ “ಆಗಲ್ಲ” ಅಂದರೆ ಹೆದರಿಕೆ ಜಾಸ್ತಿಯಾಗುತ್ತೆ, ಪಕ್ಕದ ಪಾರ್ಲರ್‌ಗೆ ಓಡ್ತಾರೆ.

ಅದಕ್ಕೇ “ಇದು ಆಗಲ್ಲ” ಅಂದ ಉಸಿರಲ್ಲೇ “ಇದು ಆಗುತ್ತೆ” ಅನ್ನಬೇಕು. ಹೀಗೆ: “ಅಕ್ಕ, ಇವತ್ತು ಇದಕ್ಕೆ ಬ್ಲೀಚ್ ಹಾಕಿದರೆ ನಾಳೆ ಊದಿಕೊಳ್ಳುತ್ತೆ, ಮುಹೂರ್ತದ ದಿನ ಯಾವ ಮೇಕಪ್ಪೂ ನಿಲ್ಲಲ್ಲ. ನಾನು ಮುಟ್ಟಲ್ಲ. ಆದರೆ ಮುಹೂರ್ತದ ದಿನ ಇವಳ ಮುಖ ಚೆನ್ನಾಗಿ ಕಾಣೋ ಜವಾಬ್ದಾರಿ ನನ್ನದು. ನಾಳೆ ಡಾಕ್ಟರಿಗೆ ತೋರಿಸಿ, ನಾಡಿದ್ದು ಬನ್ನಿ, ಟ್ರಯಲ್ ಮಾಡೋಣ, ಅದಕ್ಕೆ ದುಡ್ಡು ಬೇಡ.” ಟ್ರಯಲ್‌ಗೆ ನಿಮಗೆ ಖರ್ಚಾಗೋದು ಒಂದು ಗಂಟೆ. ಉಳಿಯೋದು ಮೇಕಪ್ ಆರ್ಡರ್.

ಒಂಬತ್ತು ದಿನದಲ್ಲಿ ಏನು ಮಾಡಬಹುದಿತ್ತು ಅಂದರೆ, ಪಾರ್ಲರ್ ಕೆಲಸ ಕಮ್ಮಿ, ಕಾಯೋ ಕೆಲಸ ಜಾಸ್ತಿ. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್, ಡಾಕ್ಟರ್ ಹೇಳಿದ ಸನ್‌ಸ್ಕ್ರೀನ್, ಬಿಸಿಲಲ್ಲಿ ಪತ್ರಿಕೆ ಹಂಚೋ ಓಡಾಟ ಕಮ್ಮಿ. ಅರಿಶಿನ ಶಾಸ್ತ್ರಕ್ಕೆ ಮನೆಯವರಿಗೆ ಮೊದಲೇ ಹೇಳಿಡಿ, ಕೈಕಾಲಿಗೆ ಎಷ್ಟು ಬೇಕಾದರೂ ಹಚ್ಚಲಿ, ಕೆನ್ನೆಗೆ ಬೆರಳ ತುದಿಯಲ್ಲಿ ಮುಟ್ಟಿಸಿ ಬಿಡಲಿ. ಸೋದರತ್ತೆಯರು ಸೇರಿ ಮುಖಕ್ಕೆ ತಿಕ್ಕೋದಿದೆಯಲ್ಲ, ಅದು ನಮ್ಮ ಸ್ಕ್ರಬ್‌ಗಿಂತ ಏನೂ ಕಮ್ಮಿ ಇಲ್ಲ! ಕೂದಲಿಗೆ, ಡಾಕ್ಟರ್ ಒಪ್ಪಿದರೆ, ಗುಳ್ಳೆ ಇಲ್ಲದ ಜಾಗದಲ್ಲಿ ಹೊಸ ಫೇಸ್ ರೇಜರ್ ಮೆಲ್ಲಗೆ ಆಡಿಸಬಹುದು. ರೇಜರ್ ಹಾಕಿದರೆ ದಪ್ಪ ಬೆಳೆಯುತ್ತೆ ಅನ್ನೋದು ಸುಳ್ಳು. ತುದಿ ಮೊಂಡಾಗಿರೋದರಿಂದ ಕೈಗೆ ಒರಟಾಗಿ ಸಿಗುತ್ತೆ, ಅಷ್ಟೇ. ಅದೂ ಬೇಡ ಅಂದರೆ ಮೇಕಪ್‌ನಲ್ಲೇ ಸುಧಾರಿಸಬಹುದು. ಕೆಂಪಿಗೆ ತೆಳ್ಳಗೆ ಹಸಿರು ಕರೆಕ್ಟರ್, ಅದರ ಮೇಲೆ ಬೇಸ್, ಕೂದಲು ಮಲಗಿರೋ ದಿಕ್ಕಿಗೇ ಒತ್ತಿ ಒತ್ತಿ ಕೂರಿಸಿ, ಕೆನ್ನೆ ಪಕ್ಕಕ್ಕೆ ಪೌಡರ್ ಆದಷ್ಟು ಕಮ್ಮಿ. ಪೌಡರ್ ಜಾಸ್ತಿ ಆದರೆ ಸಣ್ಣ ಕೂದಲೆಲ್ಲ ಎದ್ದು ಕಾಣುತ್ತೆ. ಬಳಸೋ ಪ್ರತಿಯೊಂದನ್ನೂ ಎರಡು ದಿನ ಮುಂಚೆ ಕಿವಿ ಹಿಂದೆ ಹಚ್ಚಿ ನೋಡಿ.

ಪಕ್ಕದ ಪಾರ್ಲರ್‌ಗೆ ಹೋಗ್ತಾರೆ ಅಂದಿರಿ. ಹೋಗ್ತಾರೆ, ಸುಳ್ಳು ಯಾಕೆ ಹೇಳಲಿ. ನನ್ನ ಹತ್ತಿರವೂ ಹಾಗೆ ಹೋದವರಲ್ಲಿ ಕೆಲವರು ಮುಖ ಕೆಡಿಸಿಕೊಂಡು ವಾಪಸ್ ಬಂದರು, ಕೆಲವರು ಬರಲೇ ಇಲ್ಲ. ಕೆಲವರಿಗೆ ಅಲ್ಲಿ ಏನೂ ಆಗಲಿಲ್ಲ, ದಾರಿಯಲ್ಲಿ ಸಿಕ್ಕಾಗ ಬೇಕೆಂದೇ ಮುಖ ತೋರಿಸಿಕೊಂಡು ಹೋದರು. ಇರಲಿ. ಇದಕ್ಕೆ ನನಗೆ ಗೊತ್ತಿರೋ ಒಂದೇ ಉಪಾಯ ಪಕ್ಕದ ಪಾರ್ಲರ್‌ನವರ ಜೊತೆ ಮಾತು ಬಿಡದಿರೋದು. ನಮ್ಮ ಏರಿಯಾದಲ್ಲಿ ನಾವು ಆರು ಜನ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೀವಿ. ಯಾರ ಹೆಸರೂ ಹಾಕಲ್ಲ, “ಇಂಥ ಮುಖ ಬಂದಿತ್ತು, ನಾನು ಇಲ್ಲ ಅಂದೆ” ಅಂತ ಅಷ್ಟೇ. ಎರಡನೇ ಅಂಗಡಿಯಲ್ಲೂ ಅದೇ ಮಾತು ಕೇಳಿದಾಗ ಜನ ಮೂರನೇ ಅಂಗಡಿಗೆ ಹೋಗೋ ಮೊದಲು ಯೋಚನೆ ಮಾಡ್ತಾರೆ. ರೇಟಿನಲ್ಲಿ ಪೈಪೋಟಿ ಇದ್ದೇ ಇದೆ, ಅದು ಇರಲಿ. ಇದರಲ್ಲಿ ಮಾತ್ರ ಪೈಪೋಟಿ ಬೇಡ ಅಂತ ನಾವು ಒಪ್ಪಿಕೊಂಡಿದ್ದೀವಿ, ಒಬ್ಬರು ಮುರಿದಿದ್ದೂ ಉಂಟು, ಆಮೇಲೆ ಅವರೇ ಸರಿಹೋದರು.

ಇನ್ನೊಂದು, ಹಟ ಅರ್ಧ ಹುಟ್ಟೋದೇ ದಿನ ಕಮ್ಮಿ ಇರೋದರಿಂದ. ಮದುವೆಗೆ ಮೂರು ತಿಂಗಳು ಇದ್ದಾಗ ಡಾಕ್ಟರಿಗೆ ಹೋಗಿ ಅಂದರೆ ಹೋಗ್ತಾರೆ, ಒಂಬತ್ತು ದಿನ ಇದ್ದಾಗ ಅಂದರೆ ಜಗಳವಾಗುತ್ತೆ. ಮೇಕಪ್ ಬುಕಿಂಗ್‌ಗೆ ಅಡ್ವಾನ್ಸ್ ತಗೊಳ್ಳೋ ದಿನವೇ ಮುಖ ನೋಡಿಬಿಡಿ, ಟ್ಯೂಬು, ಮಾತ್ರೆ ಕೇಳಿಬಿಡಿ. ರೇಟ್ ಕಾರ್ಡಿನ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿಸಿ: “ಬ್ಲೀಚ್, ಡೈಗೆ 48 ಗಂಟೆ ಮುಂಚೆ ಪ್ಯಾಚ್ ಟೆಸ್ಟ್. ಮುಖಕ್ಕೆ ಟ್ಯೂಬ್ ಹಚ್ಚುವವರು ಮೊದಲೇ ತಿಳಿಸಿ.” ಗೋಡೆ ಮೇಲೆ ಬರೆದಿದ್ದರೆ ಅದು ಅಂಗಡಿ ರೂಲ್ಸ್ ಆಗುತ್ತೆ, ಬಾಯಲ್ಲಿ ಹೇಳಿದರೆ ನಿಮ್ಮ ಕೊಬ್ಬು ಅನಿಸುತ್ತೆ. ನಿಮ್ಮ ಸಹಾಯಕ್ಕಿರೋ ಹುಡುಗಿಗೂ ಹೇಳಿಕೊಡಿ, ನೀವು ಊಟಕ್ಕೆ ಹೋದಾಗ ಬಂದವರಿಗೆ ಅವಳು “ಬನ್ನಿ ಮಾಡಿಕೊಡ್ತೀನಿ” ಅಂದುಬಿಟ್ಟರೆ ಕಷ್ಟ. ಆಷಾಢದಲ್ಲಿ ಮದುವೆ ಇರಲ್ಲ, ಕೈ ಖಾಲಿ ಇರುತ್ತಲ್ಲ, ಈ ಕೆಲಸಗಳನ್ನೆಲ್ಲ ಆಗ ಇಟ್ಟುಕೊಳ್ಳಿ.

ಕೊನೆಗೆ, ಆ ಹುಡುಗಿ. ಮದುವೆ ಮುಗಿಯಿತು, ಊರಿನ ಮಾತೂ ನಿಧಾನಕ್ಕೆ ಮುಗಿಯುತ್ತೆ, ಆದರೆ ಅವಳು ಇವತ್ತು ರಾತ್ರಿಯೂ ಅದೇ ಟ್ಯೂಬ್ ಹಚ್ಚಿಕೊಂಡು ಮಲಗ್ತಾಳೆ. ಅವರ ಅಮ್ಮನಿಗೆ ಒಂದು ಫೋನ್ ಮಾಡಿ. ಅವತ್ತು ಯಾರದು ತಪ್ಪು ಅನ್ನೋದು ಎತ್ತಲೇಬೇಡಿ. “ಅವತ್ತು ನಾನು ಬ್ಲೀಚ್ ಹಾಕಬಾರದಿತ್ತು ಅಕ್ಕ, ಈಗ ಹೇಗಿದ್ದಾಳೆ ಮಗಳು?” ಅಂತ ಕೇಳಿ, ಆ ಟ್ಯೂಬಿನ ಫೋಟೋ ಕಳಿಸೋಕೆ ಹೇಳಿ, ಡಾಕ್ಟರ್ ವಿಷಯ ಹೇಳಿ. ಅವರು ಫೋನ್ ಇಟ್ಟರೆ ಇಡಲಿ. ಇಡದಿದ್ದರೆ ಸೋಮವಾರ ಬೆಳಿಗ್ಗೆ ಹಾಸನಕ್ಕೆ ಹೋಗೋಕೆ ಹೇಳಿ, ಓಪಿಡಿ ಚೀಟಿ ಸಾಲು ಬೇಗ ಬೆಳೆಯುತ್ತೆ.